ಕೋತಿಗೆ ಸಿಕ್ಕ ಮಣೆ

ಒಂದು ಕಾಡಿನಲ್ಲಿ ಉಳುಕಿದ ಕೀಲನ್ನು ಬರಿಗೈಯಲ್ಲೇ ನೀವಿ ಕೂರಿಸುವ ಕೋತಿಯಿತ್ತು. ಅದನ್ನು ಕಂಡರೆ ವೈದ್ಯಸಭೆಗೆ ಆಗದು. "ಕಷಾಯವಿಲ್ಲದ ವೈದ್ಯ, ಉಪ್ಪಿಲ್ಲದ ಅಡುಗೆ. ನಡಿ ಆಚೆ!" ಎಂದು ಸಭೆಯ ಹಿರಿಯನಾದ ಕರಡಿ ಅದನ್ನು ಬಾಗಿಲಲ್ಲೇ ತಡೆಯಿತು.

ಕೋತಿಗೆ ರೋಷ ಉಕ್ಕಿತು. ಆಲದ ಮರದಡಿ ತನ್ನದೇ ಪಾಠಶಾಲೆ ತೆರೆಯಿತು. ಅಲ್ಲಿಗೆ ಕುಂಟುತ್ತ ಬಂದ ಜಿಂಕೆ ನೆಗೆಯುತ್ತ ಹೋದದ್ದನ್ನು ಕಂಡು, ಮರಿಕೋತಿಗಳು ಶಿಷ್ಯರಾಗಲು ಸಾಲುಗಟ್ಟಿದವು. ಬರಬರುತ್ತ ಕಾಡಿನ ಮೂಲೆಮೂಲೆಗೂ ಕೋತಿವೈದ್ಯರಾದರು. ಕೊನೆಗೆ ಕರಡಿಯೇ ಬಂದು, "ನಮ್ಮ ಕಷಾಯವನ್ನೂ ಕಲಿಯಿರಿ, ಸಭೆಯಲ್ಲಿ ಮಣೆ ಹಾಕಿಸುತ್ತೇನೆ" ಎಂದಿತು. ಮಣೆಯ ಆಸೆಗೆ ಕೋತಿ ಒಪ್ಪಿತು. ಶಿಷ್ಯರು ಕಷಾಯ ಕಲಿತರು, ಮಣೆಯೂ ಸಿಕ್ಕಿತು.

ಆ ಸಂಭ್ರಮದಲ್ಲಿ ಜಿಗಿದ ಗುರು ಕೊಂಬೆ ತಪ್ಪಿ ದೊಪ್ಪನೆ ಬಿತ್ತು; ಭುಜದ ಕೀಲು ಜಾರಿತು. ಶಿಷ್ಯರು ಗಡಿಗೆ ಹೊತ್ತು ಓಡಿಬಂದರು. ಒಂದು ಮರಿ ನಾಲಿಗೆ ನೋಡಿತು, ಇನ್ನೊಂದು ಶುಂಠಿ ಜಜ್ಜಿತು, ಉಳಿದವು ಕಷಾಯ ಊಟಕ್ಕೆ ಮೊದಲೋ ಆಮೇಲೋ ಎಂದು ಜಗಳಕ್ಕೆ ನಿಂತವು.

"ಅಯ್ಯೋ, ಭುಜಕ್ಕೆ ಕೈ ಹಚ್ಚಿರೋ!" ಎಂದು ಗುರು ಚೀರಿತು.

"ಕೈ ಬಿಡುವಿಲ್ಲ ಗುರುಗಳೇ, ಕಷಾಯ ಉಕ್ಕುತ್ತಿದೆ."

ಆಗ ಕರಡಿ ಮುಂದೆ ಬಂದು, ಭುಜ ಹಿಡಿದು ಮೆಲ್ಲಗೆ ನೀವಿ, ಲಟಕ್ಕನೆ ಕೂರಿಸಿತು.

ಕೋತಿ ಬೆರಗಾಯಿತು. "ಪಂಡಿತರೇ, ಇದನ್ನೆಲ್ಲಿ ಕಲಿತಿರಿ?"

ಕರಡಿ ಅತ್ತಿತ್ತ ನೋಡಿ ಪಿಸುಗುಟ್ಟಿತು: "ನಿಮ್ಮ ಶಾಲೆಯ ಬೇಲಿಯ ಹಿಂದೆ ನಿಂತು. ಸಭೆಯಲ್ಲಿ ಬಾಯಿ ಬಿಡಬೇಡಿ ಸ್ವಾಮಿ, ನನ್ನ ಸೊಂಟನೋವು ಯಾವ ಕಷಾಯಕ್ಕೂ ಬಗ್ಗಲಿಲ್ಲ."