ಒಂದು ತಪ್ಪೂ ಇಲ್ಲದ ಮನೆ

"ಗುರುಗಳೇ, ಹೊಟ್ಟೆಕಿಚ್ಚು ಮನಸ್ಸಿನೊಳಗೇ ಉಳಿದು, ಬಾಯಿಂದ ಒಂದೇ ಒಂದು ಕೆಟ್ಟ ಮಾತೂ ಹೊರಬೀಳದಿದ್ದರೆ, ಅದರಿಂದ ಇನ್ನೊಬ್ಬರಿಗೆ ಏನು ಕೇಡು?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಬಿಸಿಲಿನ ಸೀಮೆಯ ಒಂದು ಊರಿನಲ್ಲಿ ಸಂಗಮೇಶನೆಂಬ ವಾಸ್ತುಶಿಲ್ಪಿ ಇದ್ದ. ಊರಿನ ದೊಡ್ಡ ಮನೆಗಳಿಗೆಲ್ಲ ಅವನದೇ ನಕ್ಷೆ. ಗ್ರಾನೈಟ್ ನೆಲ, ದಪ್ಪ ಕಂಬ, ಹಗಲಲ್ಲೂ ಉರಿಯುವ ದೀಪ. ಅವನ ಕಚೇರಿಯಲ್ಲಿ ಕೆಲಸ ಕಲಿತವಳು ವನಮಾಲಾ. ಕೆಲವು ವರ್ಷ ದುಡಿದ ಮೇಲೆ ಅವನಿಗೆ ನಮಸ್ಕರಿಸಿ ಸ್ವಂತ ಕೆಲಸಕ್ಕೆ ಹೊರಟಳು. ಸಂಗಮೇಶ ಸಂತೋಷದಿಂದಲೇ ಹರಸಿ ಕಳಿಸಿದ.

ಅವಳು ಮೊದಲು ಕಟ್ಟಲು ತೊಡಗಿದ್ದು ತನ್ನದೇ ಮನೆಯನ್ನು. ತಾಯಿಗೆ ಕಣ್ಣು ಮಂದವಾಗುತ್ತಿತ್ತು. ಹಗಲು ಪೂರ್ತಿ ದೀಪದ ಹಂಗಿಲ್ಲದೆ ಆಕೆ ಮನೆ ತುಂಬ ಓಡಾಡಬೇಕು ಎಂಬುದು ಮಗಳ ಆಸೆ. ಗೋಡೆಗೆ ಮಣ್ಣಿನ ಇಟ್ಟಿಗೆ, ನೆಲಕ್ಕೆ ಕಡಪ ಕಲ್ಲು, ಬಾಗಿಲಿಗೆ ಕೆಡವಿದ ಮನೆಗಳಿಂದ ತಂದ ಮರ. ಬಡವರ ಮನೆ ಸಾಮಾನು ಎಂದು ಕೆಲವರು ನಕ್ಕರು. ಆದರೆ ಗೋಡೆಗಳು ಎದ್ದಂತೆ ಬೆಳಕು ಒಳಗೆ ಬರತೊಡಗಿತು. ದಾರಿಹೋಕರು ನಿಂತು ನೋಡತೊಡಗಿದರು.

ಒಂದು ದಿನ ಸಂಗಮೇಶನ ಬಳಿ ಮನೆ ಕಟ್ಟಿಸಲು ಬಂದ ವ್ಯಾಪಾರಿಯೊಬ್ಬ, "ವನಮಾಲಾ ಅವರು ಕಟ್ಟುತ್ತಿದ್ದಾರಲ್ಲ, ನಮಗೂ ಅಂಥ ಬೆಳಕು ಬೇಕು ನೋಡಿ" ಎಂದ.

"ಅದಕ್ಕೇನು, ಮಾಡೋಣ" ಎಂದು ಸಂಗಮೇಶ ನಕ್ಕ. ಅಂದು ಅವನಿಗೆ ಊಟ ರುಚಿಸಲಿಲ್ಲ. ಮರುದಿನ ನಡುಹಗಲಿನಲ್ಲಿ ತನ್ನ ಮನೆಯ ಹಜಾರದಲ್ಲಿ ದೀಪ ಉರಿಯುತ್ತಿದ್ದುದು ಕಣ್ಣಿಗೆ ಬಿತ್ತು. ಎದ್ದು ಆರಿಸಿದ. ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಕುಳಿತ. ಮತ್ತೆ ಹಾಕಿ, ಕಾರಣವಿಲ್ಲದೆ ಹೆಂಡತಿಯ ಮೇಲೆ ರೇಗಿದ. ವನಮಾಲಾಳ ಮನೆಯ ಬೀದಿಗೆ ಹೋಗುವುದನ್ನೇ ಬಿಟ್ಟ.

ಚಳಿಗಾಲದಲ್ಲಿ ಅವಳೇ ಅವನನ್ನು ಕರೆಯಲು ಬಂದಳು. "ಸರ್, ನಡುಮನೆಯ ಮಾಡಿನಲ್ಲಿ ನಾಳೆ ಗಾಜು ಕೂರಿಸುತ್ತಾರೆ. ಒಮ್ಮೆ ಬಂದು ನೋಡಿ. ತಪ್ಪಿದ್ದರೆ ಈಗಲೇ ಹೇಳಿಬಿಡಿ, ಆಮೇಲೆ ತಿದ್ದುವುದು ಕಷ್ಟ."

ಅವನು ತಪ್ಪು ಹುಡುಕುವುದಕ್ಕೆಂದೇ ಹೋದ. ಅಡುಗೆಮನೆಗೆ ಮುಂಜಾವಿನ ಬಿಸಿಲು ಹದವಾಗಿ ಇಳಿದಿತ್ತು. ತಾಯಿಯ ಕೋಣೆಯ ಪಡುವಣ ಗೋಡೆಯಲ್ಲಿ ಕಿಟಕಿಯಿರಲಿಲ್ಲ, ಸಂಜೆಯ ಬಿಸಿಲು ಒಳಗೆ ಬರುವಂತಿರಲಿಲ್ಲ. ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದಷ್ಟೂ ಅವನಿಗೆ ಉರಿಯುತ್ತಿತ್ತು. ಕೊನೆಗೆ ತಲೆಯೆತ್ತಿ ಮೇಲೆ ನೋಡಿದ. ಗಾಜು ಕೂರುವ ಜಾಗದ ನಾಲ್ಕೂ ಬದಿಯನ್ನು ಗಾರೆಯಿಂದ ಮುಚ್ಚುವ ಏರ್ಪಾಡಾಗಿತ್ತು. ಮೇಲೇರಿದ ಬಿಸಿಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ, ಬೇಸಿಗೆ ಬಂದರೆ ಮನೆ ಒಲೆಯಾಗುತ್ತದೆ. ಗಾಜಿನ ಕೆಳಗೆ ಒಂದಿಷ್ಟು ಸಂದು ಬಿಟ್ಟರೆ ಸಾಕಿತ್ತು. ಗಾರೆ ಕೆಲಸದವರು ಇನ್ನೂ ಮಾಡಿನ ಮೇಲೆಯೇ ಇದ್ದರು.

ಎಷ್ಟೋ ದಿನಗಳ ಮೇಲೆ ಸಂಗಮೇಶನ ಎದೆ ಹಗುರಾಯಿತು.

"ಹೇಗಿದೆ ಸರ್?" ಎಂದಳು ವನಮಾಲಾ.

"ಒಂದು ತಪ್ಪೂ ಇಲ್ಲಮ್ಮ. ಅದರಲ್ಲೂ ಈ ಗಾಜಿನ ಮಾಡು ಇದೆಯಲ್ಲ, ನನಗೂ ಹೊಳೆಯುತ್ತಿರಲಿಲ್ಲ. ಯಾರು ಏನೇ ಹೇಳಲಿ, ಇದನ್ನು ಮಾತ್ರ ಮುಟ್ಟಬೇಡ."

ವನಮಾಲಾಳ ಕಣ್ಣು ತುಂಬಿ ಬಂತು.

ಬೇಸಿಗೆ ಬಂತು. ನಡುಮನೆ ಕಾದು, ಮನೆಯೆಲ್ಲ ಕಾಯಿತು. ಒಂದು ಮಧ್ಯಾಹ್ನ ತಾಯಿ ಸೆಕೆ ತಾಳಲಾರದೆ ಕುಸಿದು ಬಿದ್ದರು. ಅವರನ್ನು ತನ್ನ ಅಕ್ಕನ ಮನೆಗೆ ಕಳಿಸಿ ವನಮಾಲಾ ತಪ್ಪು ಹುಡುಕಲು ಕುಳಿತಳು. ಮಣ್ಣಿನ ಗೋಡೆಯದೇ ದೋಷವೆಂದು ಜನ ಹೇಳಿದರು. ಸಂಗಮೇಶ ಮೆಚ್ಚಿದ ಗಾಜಿನ ಮಾಡಿನ ಮೇಲೆ ಅವಳಿಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಗಾಳಿಗೆಂದು ಪಡುವಣ ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಸಂಜೆಯ ಬಿಸಿಲೂ ಒಳಗೆ ನುಗ್ಗಿತು. ಅಡುಗೆಮನೆಯ ಗೋಡೆ ಕೆಡವಿಸಿದಳು. ಪ್ರಯೋಜನವಾಗಲಿಲ್ಲ.

ಕೊನೆಗೆ ಸಂಗಮೇಶನ ಕಚೇರಿಗೆ ಬಂದಳು. ಮುಖ ಬಾಡಿತ್ತು.

"ಸರ್, ಈ ಕೆಲಸ ನನ್ನ ಕೈಲಾಗುವುದಲ್ಲ. ನೀವು ಚೆನ್ನಾಗಿದೆ ಎಂದ ಮನೆಯನ್ನೂ ನಾನು ಹಾಳು ಮಾಡಿಕೊಂಡೆ. ಮೊದಲಿನ ಹಾಗೆ ನಿಮ್ಮಲ್ಲೇ ಇದ್ದುಬಿಡುತ್ತೇನೆ, ಒಂದು ಮೇಜು ಕೊಡಿ."

ಇಂಥ ದಿನ ಬರಲೆಂದು ಸಂಗಮೇಶ ಎಷ್ಟು ಬಾರಿ ಬಯಸಿದ್ದನೋ. ಬಂದಾಗ ಅವಳ ಮುಖ ನೋಡಲು ಅವನಿಂದ ಆಗಲಿಲ್ಲ. "ಗೋಡೆಗಳನ್ನು ಮೊದಲಿನಂತೆ ಕಟ್ಟಿಸು. ಗಾಜಿನ ಕೆಳಗೆ ಗಾಳಿ ಹೋಗಲು ಸಂದು ಬಿಡಿಸು. ತಪ್ಪಿರುವುದು ಅಲ್ಲಿ ಮಾತ್ರ" ಎಂದ.

"ಇದು ನಿಮಗೆ ಯಾವಾಗ ಗೊತ್ತಾಯಿತು ಸರ್?" ಎಂದಳು ವನಮಾಲಾ.

ಸಂಗಮೇಶ ಮೇಜಿನ ಮೇಲಿದ್ದ ನಕ್ಷೆಗಳನ್ನು ಸುತ್ತಿಡತೊಡಗಿದ. ಅವಳು ಎದ್ದು ಹೋದಳು.

ಗಾಜಿನ ಕೆಳಗೆ ಸಂದು ಬಿಡಿಸಿದ ಮೇಲೆ ಮನೆ ತಂಪಾಯಿತು. ತಾಯಿ ಮರಳಿ ಬಂದರು. ವನಮಾಲಾ ಮುಂದೆ ಅನೇಕ ಮನೆಗಳನ್ನು ಕಟ್ಟಿದಳು, ಹೆಸರೂ ಬಂತು. ಆದರೆ ಯಾರಾದರೂ ಚೆನ್ನಾಗಿದೆ ಎಂದರೆ ಅವಳ ಮುಖ ಅರಳುತ್ತಿರಲಿಲ್ಲ. ಹೇಳಿದವರು ಹೋದ ಮೇಲೆ ಒಬ್ಬಳೇ ನಿಂತು, ಅವರು ಮೆಚ್ಚಿದ ಜಾಗವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಕೊನೆಗಾದರೂ ಸಂಗಮೇಶ ನಿಜ ಹೇಳಿದನಲ್ಲ ಗುರುಗಳೇ" ಎಂದ ಶಿಷ್ಯ.

"ಹೌದು, ಹೇಳಿದ. ನೀನು ಇವತ್ತು ಯಾರನ್ನು ಹೊಗಳಿ ಬಂದೆ?" ಎಂದರು ಗುರುಗಳು.

ಶಿಷ್ಯ ಎದ್ದು, ಬಂದ ದಾರಿಯಲ್ಲೇ ಹಿಂತಿರುಗಿ ಹೊರಟ.