ಹುಳಿ ಮಾವ

ಅರಸೀಕೆರೆಯ ಹತ್ತಿರ ಊರಿನವರ ನೆರವಿನಿಂದಲೇ ನಡೆಯುವ ಒಂದು ಸಣ್ಣ ಅನಾಥಾಲಯವಿತ್ತು. ಅಲ್ಲಿ ಸಾಕಮ್ಮ ಸಂಬಳವಿಲ್ಲದೆ ಅಡುಗೆ ಮಾಡುತ್ತಿದ್ದಳು. ಒಂದು ಭಾನುವಾರ ಬಟ್ಟೆ ಅಂಗಡಿಯ ಗುರುಸಿದ್ದಪ್ಪನವರು ಫೋಟೊ ತೆಗೆಯುವವನೊಬ್ಬನನ್ನೂ ಕರೆತಂದು ಅಲ್ಲಿ ಊಟ ಹಾಕಿಸಿದರು. ಎಲೆ ಹಾಕಿಯಾಗಿತ್ತು, ಮಕ್ಕಳು ಹಸಿದಿದ್ದರು.

"ಮೊದಲು ಒಬ್ಬೊಬ್ಬರೇ ನನಗೆ ಕೈಮುಗಿಯಲಿ. ಫೋಟೊ ಆದಮೇಲೆ ಊಟ," ಎಂದರು ಅವರು ಮುಖ ಗಂಟಿಕ್ಕಿ.

"ಆಗಲಿ ಯಜಮಾನರೇ. ಆದರೆ ಸುಮ್ಮನೆ ನಿಂತರೆ ಯಾರೋ ನೆಂಟರು ಅಂದುಕೊಳ್ತಾರೆ. ಬಡಿಸಿದರೆ ದಾನಿ ಅಂತ ಗೊತ್ತಾಗುತ್ತೆ," ಎಂದು ಸಾಕಮ್ಮ ಹುಳಿಯ ಬಕೆಟ್ಟನ್ನು ಅವರ ಕೈಗೆ ಕೊಟ್ಟಳು. ಹುಳಿ ಎಂದರೆ ಅನ್ನಕ್ಕೆ ಕಲಸಿಕೊಳ್ಳುವ ಬೇಳೆ ಹುಳಿ.

ಅನ್ನದ ಪಾತ್ರೆಯನ್ನು ಫೋಟೊದವನಿಗೆ ಕೊಟ್ಟಳು. "ಅನ್ನವಿಲ್ಲದೆ ಹುಳಿ ಎಲ್ಲಿಗೆ ಹಾಕೋದಪ್ಪ?"

ಹೀಗಾಗಿ ಫೋಟೊ ತೆಗೆಯಲು ಯಾರೂ ಉಳಿಯಲಿಲ್ಲ. "ಮಾವ, ಇನ್ನೂ ಸ್ವಲ್ಪ ಹುಳಿ," ಎಂದು ಮಕ್ಕಳು ಕರೆದಲ್ಲೆಲ್ಲ ಗುರುಸಿದ್ದಪ್ಪನವರು ಓಡಾಡಿದರು. ಬೆವರಿದರು, ನಕ್ಕರು. "ಮುಂದಿನ ವಾರವೂ ನಾನೇ ಬಡಿಸುತ್ತೇನೆ," ಎಂದರು.

ಹೊರಡುವಾಗ ಮಕ್ಕಳು ಪ್ರೀತಿಯಿಂದ, "ಹುಳಿ ಮಾವ, ಹೋಗಿ ಬನ್ನಿ," ಎಂದರು.

ಅವರು ನಿಂತರು. "ನನ್ನ ಮುಖ ಅಷ್ಟು ಹುಳಿಯಾಗಿದೆಯೇನಮ್ಮ?"

ಅರ್ಥ ಬಿಡಿಸಿ ಹೇಳಿದ್ದರೆ ಸಾಕಿತ್ತು. ಆದರೆ ತನ್ನ ಜಾಣತನದ ಖುಷಿಯಲ್ಲಿದ್ದ ಸಾಕಮ್ಮ, "ಬರುವಾಗ ಹಾಗೇ ಇತ್ತಲ್ಲ ಯಜಮಾನರೇ," ಎಂದು ನಕ್ಕುಬಿಟ್ಟಳು. ಅವರು ನಗಲಿಲ್ಲ.

ಮುಂದಿನ ಭಾನುವಾರ ಊಟದ ಸಾಮಾನನ್ನು ಡ್ರೈವರ್ ತಂದ. ಅವರು ಬರಲಿಲ್ಲ.

"ಅದು ಊಟದ ಹುಳಿ ಅಂತ ಅವರಿಗೆ ಹೇಳಪ್ಪ," ಎಂದಳು ಸಾಕಮ್ಮ.

"ಅವರ ಮನೆಯಲ್ಲೇ ಹುಳಿ ಮಾಡೋದನ್ನ ನಿಲ್ಲಿಸಿದ್ದಾರೆ, ಅಮ್ಮ."

ಸಾಕಮ್ಮ ತಾನೇ ಬಡಿಸಿದಳು. ಅವತ್ತು ಯಾವ ಮಗುವೂ ಎರಡನೇ ಸಲ ಹುಳಿ ಕೇಳಲಿಲ್ಲ.