ನಿಂಬೆಹಣ್ಣು ಮತ್ತು ಬ್ರೇಕಿನ ರಬ್ಬರು

ಆಯುಧಪೂಜೆಯ ಬೆಳಿಗ್ಗೆ ಹಾಲು ಮಾರುವ ಕೆಂಚಪ್ಪ ಸೈಕಲ್ಲು ತೊಳೆದು, ಹಾರ ಹಾಕಿ, ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟ.

ಸವೆದು ಸವೆದು ಸಿಪ್ಪೆಯಂತಾಗಿದ್ದ ಬ್ರೇಕಿನ ರಬ್ಬರು ಹಣ್ಣಿಗೆ ಹೇಳಿತು: "ನಿನ್ನನ್ನಿಡಲು ಬಗ್ಗಿದಾಗ ನಾನು ಯಜಮಾನರ ಮೂಗಿನ ಮುಂದೆಯೇ ಇದ್ದೆ. ಆದರೂ ನೋಡಲಿಲ್ಲ."

"ನೋಡುವುದೇನು? ನಾನು ಅಪ್ಪಚ್ಚಿಯಾದರೆ ವರ್ಷದ ಕಂಟಕವೆಲ್ಲ ಕಳೆದಂತೆ!" ಎಂದು ನಿಂಬೆಹಣ್ಣು ಬೀಗಿತು.

"ಒಡೆಯುವುದು ನಿನ್ನ ಕೆಲಸ, ಸರಿ. ಸೈಕಲ್ಲು ನಿಲ್ಲಿಸಬೇಕಾದವನು ನಾನು."

ಕೆಂಚಪ್ಪ ಕಣ್ಣು ಮುಚ್ಚಿ ಕೈಮುಗಿದು ಸೈಕಲ್ಲೇರಿದ. ಹಣ್ಣು ಪಚಕ್ಕನೆ ಒಡೆಯಿತು. ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕು ಹಿಡಿದ, ಸೈಕಲ್ಲು ನಿಲ್ಲಲಿಲ್ಲ. ಹಾಲಿನ ಕ್ಯಾನು ಒಂದು ಕಡೆ, ಕೆಂಚಪ್ಪ ಒಂದು ಕಡೆ.

ಚರಂಡಿಯಲ್ಲಿ ಅಂಗಾತ ಬಿದ್ದವನಿಗೆ ಮೊದಲು ಕಂಡದ್ದು ಆ ರಬ್ಬರು. ಅದು ಹೇಳಿತು: "ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಕೈಮುಗಿದಿರಿ, ಸ್ವಾಮಿ. ವಾರಕ್ಕೊಮ್ಮೆ ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು."